ಸೋತ ಬೇಸಿಗೆಯಲ್ಲಿ ಗೆದ್ದ ಒಂದು ಸೆಟ್

ಲಿಂಗಂಪಲ್ಲಿಯ ನಮ್ಮ ಕಾಲೊನಿಯ ಹೆಂಗಸರ ಥ್ರೋಬಾಲ್ ತಂಡ ಆ ಬೇಸಿಗೆಯಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಆ ಬೇಸಿಗೆಯ ಮಾತು ಬಂದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ನಾನು ಮದುವೆಯಾಗಿ ಕಲಬುರಗಿಯಿಂದ ಹೈದರಾಬಾದಿಗೆ ಬಂದವಳು. ವಿಮಾ ಕಚೇರಿಯೊಂದರಲ್ಲಿ ಕೆಲಸ. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿ ಜಿಲ್ಲಾ ಮಟ್ಟದವರೆಗೆ ಹೋಗಿದ್ದೆ. ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಚೆಂಡು ಮುಟ್ಟಿರಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಮಹಡಿ ಮನೆಯ ಟೀಚರಮ್ಮ, ತೆಲುಗಿನವರು, ಬಂದರು. ಸುತ್ತಲಿನ ಕಾಲೊನಿಗಳ ಹೆಂಗಸರು ಸೇರಿ ಬೇಸಿಗೆಯ ಭಾನುವಾರಗಳಲ್ಲಿ ಪಂದ್ಯ ನಡೆಸುತ್ತಾರಂತೆ, ನಾವೂ ಒಂದು ತಂಡ ಕಟ್ಟೋಣ ಎಂದರು. ಅವರು ಮಕ್ಕಳಿಗೆ ಗಣಿತ ಕಲಿಸುವವರು. ಚೆಂಡು ಹಿಡಿದು ಗೊತ್ತಿಲ್ಲ. ಆಡುವ ಆಸೆ ಮಾತ್ರ ನನಗಿಂತ ಹೆಚ್ಚು.

ಮನೆಯಲ್ಲಿ ಅತ್ತೆಗೆ ಸುದ್ದಿ ಮುಟ್ಟಿತು.

"ಮಗಳ ಮದುವಿ ಮಾಡೋ ವಯಸ್ಸಿನ್ಯಾಗ ಪ್ಯಾಂಟ್ ಹಾಕ್ಕೊಂಡು ಚೆಂಡು ಆಡಾಕ ಹೊಂಟೀಯೇನವ್ವ?"

"ಬೆಳಿಗ್ಗೆ ಲಗೂನ ಹೋಗಿ ಬರ್ತೀನ್ರಿ ಅತ್ತಿ. ನಾಷ್ಟಾಕ್ಕ ತಡ ಆಗೂದಿಲ್ಲ."

"ನಾಷ್ಟಾದ ಮಾತು ಯಾರು ಎತ್ತಿದ್ರು? ಮೊಣಕಾಲು ಮುರಕೊಂಡೀ ಅಂತ ಅಂದೆ ನಾ."

ಏಪ್ರಿಲ್‌ನಲ್ಲಿ ಪಂದ್ಯಗಳು ಶುರುವಾದವು. ಬಿಸಿಲು ಏರುವ ಮೊದಲೇ ಆಟ ಮುಗಿಯಬೇಕು, ಹಾಗಾಗಿ ಆರು ಗಂಟೆಗೇ ಮೈದಾನದಲ್ಲಿರುತ್ತಿದ್ದೆವು. ಮೊದಲ ಪಂದ್ಯದಲ್ಲಿ ನಮ್ಮ ಗತಿ ಏನಾಯಿತೆಂದರೆ, ಟೀಚರಮ್ಮ ಚೆಂಡು ಬಂದಾಗಲೆಲ್ಲ ಎರಡೂ ಕೈ ಎತ್ತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರು ಹಿಡಿಯುತ್ತಾರೆಂದು ನಾನು, ನಾನು ಹಿಡಿಯುತ್ತೇನೆಂದು ಅವರು, ಇಬ್ಬರೂ ನೋಡುತ್ತ ನಿಂತ ಜಾಗದಲ್ಲೇ ಚೆಂಡು ಬೀಳುತ್ತಿತ್ತು. ಎದುರಾಳಿಗಳಿಗೆ ಆ ಸಂದು ಬೇಗ ಗೊತ್ತಾಯಿತು. ಇನ್ನು ನಮ್ಮ ಮರ್ಯಾದೆ ಬೇರೆ. "ವದಿನಾ, ಕೊಂಚೆಂ ವೆನಕ್ಕಿ ಜರಗಂಡಿ" ಎಂದು, ಅತ್ತಿಗೆಯವರೇ ಸ್ವಲ್ಪ ಹಿಂದೆ ಸರಿಯಿರಿ ಎಂದು, ನಾನು ತೆಲುಗಿನಲ್ಲಿ ವಿನಯದಿಂದ ಹೇಳಿ ಮುಗಿಸುವಷ್ಟರಲ್ಲಿ ಚೆಂಡು ನೆಲ ಕಂಡಿರುತ್ತಿತ್ತು.

ಎರಡನೆಯ ಪಂದ್ಯವೂ ಹೀಗೇ ಹೋಯಿತು. ಮೂರನೆಯದರಲ್ಲಿ ಒಮ್ಮೆ ಚೆಂಡು ಟೀಚರಮ್ಮನ ತಲೆಯ ಮೇಲಿಂದ ಹಾರುವುದರಲ್ಲಿತ್ತು. ಯೋಚಿಸುವುದಕ್ಕೆ ಹೊತ್ತಿರಲಿಲ್ಲ. "ಹಿಂದ ಸರಿ" ಎಂದು ಕೂಗಿಬಿಟ್ಟೆ. ಅರ್ಥವಾಗದಿದ್ದರೂ ಅವರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಹೋದರು. ಚೆಂಡು ನೇರ ಅವರ ಕೈಗೆ ಬಂತು. ಕಣ್ಣು ಬಿಟ್ಟು ಅದನ್ನು ನೋಡಿಕೊಂಡವರು ಎಸೆಯುವುದನ್ನೇ ಮರೆತರು, ಪಾಯಿಂಟ್ ಹೋಯಿತು.

ನನಗೆ ಪಾಯಿಂಟಿನ ಚಿಂತೆಯಾಗಲಿಲ್ಲ. ಹೈದರಾಬಾದಿಗೆ ಬಂದಾಗಿನಿಂದ ಬಸ್ಸಿನಲ್ಲಿ, ಕಚೇರಿಯಲ್ಲಿ, ತರಕಾರಿ ಅಂಗಡಿಯಲ್ಲಿ ನಾನು ತೆಲುಗಿನವಳು ಇಲ್ಲವೇ ಹಿಂದಿಯವಳು. ಕನ್ನಡವೇನಿದ್ದರೂ ಮನೆಯ ನಾಲ್ಕು ಗೋಡೆಯೊಳಗೆ, ಅದೂ ಮೆಲುದನಿಯಲ್ಲಿ. ಬಯಲಿನಲ್ಲಿ ನಿಂತು ನನ್ನ ಮಾತನ್ನು ಅಷ್ಟು ಜೋರಾಗಿ ನಾನೇ ಕೇಳಿಸಿಕೊಂಡದ್ದು ಅದೇ ಮೊದಲು.

ಮನೆಗೆ ಹಿಂತಿರುಗುವಾಗ ಟೀಚರಮ್ಮ ಕೇಳಿದರು, ಅಂಥ ಗಿಡ್ಡ ಮಾತುಗಳು ಇನ್ನೂ ಇವೆಯಾ ಎಂದು. ಅಂದು ಸಂಜೆಯಿಂದಲೇ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಶುರುವಾಯಿತು. ಹಿಂದ, ಮುಂದ, ನಂದು, ನಿಂದು, ಬಿಡಬ್ಯಾಡ. ತಂಡದಲ್ಲಿ ನನ್ನನ್ನು ಬಿಟ್ಟರೆ ಕನ್ನಡದವರು ಬೀದರಿನ ಒಬ್ಬಾಕೆ ಮಾತ್ರ, ಉಳಿದವರೆಲ್ಲ ತೆಲುಗರು. ಆದರೂ ಯಾರೂ ಬೇಡವೆನ್ನಲಿಲ್ಲ. ಮೊಣಕಾಲಿನ ಭವಿಷ್ಯ ನುಡಿದಿದ್ದ ಅತ್ತೆ ಮೆಟ್ಟಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು.

"ಬಿಡಬಡ ಅಲ್ಲವ್ವಾ ಟೀಚರ. ಬಿಡಬ್ಯಾಡ. ಬಾಯಿ ತುಂಬ ಅನ್ಬೇಕು."

ಟೀಚರಮ್ಮ ಶಾಲೆಯ ಹುಡುಗಿಯಂತೆ ಮತ್ತೆ ಮತ್ತೆ ಹೇಳಿದರು.

ಇಷ್ಟಾದರೂ ಸೋಲು ತಪ್ಪಲಿಲ್ಲ. ಮೇ ತಿಂಗಳಲ್ಲಿ ಒಂದು ಭಾನುವಾರ ಎದುರಿನ ತಂಡದವರು ತಮ್ಮ ಒಳ್ಳೆಯ ಆಟಗಾರ್ತಿಯನ್ನು ಹೊರಗೆ ಕೂರಿಸಿದರು. "ಇವತ್ತು ಆಕೆ ದಣಿಯುವುದು ಬೇಡ" ಎಂದು ಅವರಲ್ಲೊಬ್ಬರು ಅಂದದ್ದು ನಮ್ಮೆಲ್ಲರಿಗೂ ಕೇಳಿಸಿತು. ಆ ಪಂದ್ಯವನ್ನೂ ಸೋತೆವು. ನಲ್ಲಿಯ ಹತ್ತಿರ ಮುಖ ತೊಳೆಯುತ್ತ, ನೀರಿನ ಜೊತೆ ಕಣ್ಣೀರೂ ಹೋಗಲೆಂದು ನಾನು ಬೇಕೆಂದೇ ತಡ ಮಾಡಿದೆ. ಟೀಚರಮ್ಮ ಬಂದು ಪಕ್ಕ ನಿಂತರು. ಬೀದರಿನಾಕೆಯ ಸರ್ವ್ ಈಗ ನೆಟ್‌ಗೆ ತಾಗುತ್ತಿಲ್ಲ, ಸಂದಿನಲ್ಲಿ ಇವತ್ತು ಚೆಂಡು ಬಿದ್ದಿಲ್ಲ, ಎಂದು ತೆಲುಗಿನಲ್ಲಿ ಶಾಂತವಾಗಿ ಹೇಳಿದರು. ಕೊನೆಗೆ, "ನಾನು ಈಗ ಕಣ್ಣು ಮುಚ್ಚುವುದಿಲ್ಲ, ನೀವು ಗಮನಿಸಿದಿರಾ?" ಎಂದರು. ನಾನು ಗಮನಿಸಿರಲಿಲ್ಲ. ಸ್ಕೋರ್ ಮಾತ್ರ ನೋಡುತ್ತಿದ್ದೆ.

ಕೊನೆಯ ಪಂದ್ಯ ಬಿದ್ದದ್ದು ಆ ಬೇಸಿಗೆಯಿಡೀ ಒಂದು ಸೆಟ್ಟನ್ನೂ ಬಿಟ್ಟುಕೊಡದ ತಂಡದ ಮೇಲೆ. ಅತ್ತೆ ಅಂದು ನಸುಕಿನಲ್ಲೇ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಹೊಂಡ್ರಿ, ನಾನೂ ಬರ್ತೀನಿ" ಎಂದರು.

ಮೊದಲ ಸೆಟ್ ಬೇಗನೇ ಕೈತಪ್ಪಿತು. ಎರಡನೆಯದರಲ್ಲಿ ಏನಾಯಿತೋ, ನಾವು ಯಾರೂ ಸುಮ್ಮನಿರಲಿಲ್ಲ. ಆ ಕಡೆಯಿಂದ ನಂದು, ಈ ಕಡೆಯಿಂದ ನಿಂದು. ಗೆರೆಯಾಚೆಯಿಂದ ಅತ್ತೆಯದು "ಬಿಡಬ್ಯಾಡ್ರೇ". ಎದುರಿನವರು ನಾವು ಮಾತಾಡುವುದೇನೆಂದು ತಿಳಿಯದೆ ಮುಖ ಮುಖ ನೋಡಿಕೊಂಡರು. ಎರಡೂ ಕಡೆ ಪಾಯಿಂಟ್ ಸಮವಾಗಿ ಏರುತ್ತ ಹೋಯಿತು, ಕೊನೆಗೆ ಸೆಟ್ ಗೆಲ್ಲಲು ನಮಗೆ ಒಂದೇ ಬಾಕಿ ಉಳಿಯಿತು. ಅವರ ನಾಯಕಿ ಬಲವಾಗಿ ಎಸೆದಳು, ಸರಿಯಾಗಿ ನಮ್ಮಿಬ್ಬರ ನಡುವಿನ ಹಳೆಯ ಸಂದಿಗೆ. ನಾನು ಕೈ ಚಾಚಿದ್ದೆ.

"ನಂದು," ಎಂದರು ಟೀಚರಮ್ಮ, ಅಚ್ಚ ಕಲಬುರಗಿಯ ದನಿಯಲ್ಲಿ.

ನಾನು ಕೈ ಹಿಂತೆಗೆದೆ. ಅವರು ಹಿಡಿದರು, ಹಿಡಿದ ವೇಗದಲ್ಲೇ ಎದುರಿನ ಹಿಂಬದಿಯ ಮೂಲೆಗೆ ಎಸೆದರು. ಚೆಂಡು ಗೆರೆಯೊಳಗೆ ಬಿತ್ತು. ಅಂಪೈರ್ ಸೀಟಿ ಊದಿದರು.

ಆಮೇಲೆ ನಾವು ಕುಣಿದದ್ದು, ಟೀಚರಮ್ಮನನ್ನು ಎತ್ತಲು ಹೋಗಿ ಎಲ್ಲರೂ ಮಣ್ಣಿನಲ್ಲಿ ಉರುಳಿದ್ದು. ಅಂಪೈರ್ ಬಂದು, ಪಂದ್ಯ ಇನ್ನೂ ಮುಗಿದಿಲ್ಲ, ಎದ್ದೇಳಿ ಅಮ್ಮಾ ಎಂದು ಬೇಡಿಕೊಂಡರು. ಎದ್ದೆವು. ಮೂರನೆಯ ಸೆಟ್ಟನ್ನು ಸೋತೆವು, ಚೆನ್ನಾಗಿಯೇ ಸೋತೆವು. ಯಾರ ಮುಖವೂ ಬಾಡಲಿಲ್ಲ.

ಗೆದ್ದ ತಂಡದ ನಾಯಕಿ ಕೈಕುಲುಕಲು ಬಂದಳು. "ಈ ಬೇಸಿಗೆಯಲ್ಲಿ ನಮ್ಮಿಂದ ಸೆಟ್ ಕಿತ್ತುಕೊಂಡವರು ನೀವೊಬ್ಬರೇ. ಅದ್ಯಾವ ಭಾಷೆಯಲ್ಲಿ ಕೂಗುತ್ತಿದ್ದಿರಿ?" ಎಂದು ತೆಲುಗಿನಲ್ಲಿ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಟೀಚರಮ್ಮ ಉತ್ತರಿಸಿದರು. "ಅದಿ ಮಾ ಟೀಮ್ ಭಾಷ." ಅದು ನಮ್ಮ ತಂಡದ ಭಾಷೆ.

ಅಲ್ಲಿಂದ ಎಲ್ಲರೂ, ಮೈಯೆಲ್ಲ ಮಣ್ಣಿನೊಂದಿಗೇ, ಸ್ಟೇಷನ್ ಹತ್ತಿರದ ಇರಾನಿ ಹೋಟೆಲಿಗೆ ನುಗ್ಗಿದೆವು. ಹೊರಗೆ ಚಹಾ ಕುಡಿಯದ ಅತ್ತೆ ನಮ್ಮ ನಡುವೆ ಜಾಗ ಮಾಡಿಸಿಕೊಂಡು ಕೂತರು. ನಮ್ಮ ಗದ್ದಲ ನೋಡಿ ಮಾಣಿ ನಗುತ್ತ, "ಜೀತೇ ಕ್ಯಾ, ಅಮ್ಮಾ?" ಎಂದ, ಗೆದ್ದಿರೇನು ಎಂದು.

"ಔರ್ ಕ್ಯಾ," ಎಂದರು ಅತ್ತೆ, ಮತ್ತಿನ್ನೇನು ಎಂಬಂತೆ. "ಸಬ್ ಕೋ ಚಾಯ್ ಲಾವೋ."