ಕೆಲ್ಸೊ ಬೆಂಡಿನ ತಲೆ ಎಣಿಕೆ

ಮರ್ಲ್ ಟೇಗ್ ಗುಡ್ಡದ ಮೇಲಿನ ತನ್ನ ಹೊಲವನ್ನು ಹೆದ್ದಾರಿಗೆ ಬರೆದುಕೊಟ್ಟದ್ದರಿಂದಲೇ ಕೆಲ್ಸೊ ಬೆಂಡ್ ಎಂಬ ಊರು ಸತ್ತಿತು. ಡೆಲ್ಬರ್ಟ್ ಕ್ರೌಸ್ ಈ ಮಾತನ್ನು ಇಪ್ಪತ್ತೈದು ವರ್ಷಗಳಿಂದ ಹೇಳಿಕೊಂಡು ಬಂದಿದ್ದ. ಆ ಹೆಸರು ಎತ್ತಿದರೆ ಸಾಕು, ಅವನ ಕತ್ತಿನ ನರ ಉಬ್ಬುತ್ತಿತ್ತು.

ಮೊದಲು ರಸ್ತೆ ಊರಿನ ನಟ್ಟನಡುವೆ ಹಾದುಹೋಗುತ್ತಿತ್ತು. ಲಾರಿಯವರು ಇಳಿದು ಉಣ್ಣುತ್ತಿದ್ದರು, ಶನಿವಾರ ಸಂಜೆ ಗಾಡಿ ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ಅದಕ್ಕೂ ಹಿಂದೆ, ಅವನ ಅಜ್ಜನ ಕಾಲದಲ್ಲಿ, ನದಿಯ ಚಿಪ್ಪಿನಿಂದ ಅಂಗಿಯ ಗುಂಡಿ ಕೊರೆಯುವ ಕಾರ್ಖಾನೆಯಿತ್ತು. ಊರಲ್ಲಿ ಎರಡು ಸಾವಿರದ ಮೇಲೆ ಜನ. ಪ್ಲಾಸ್ಟಿಕ್ ಗುಂಡಿ ಬಂತು, ಕಾರ್ಖಾನೆ ಹೋಯಿತು. ಹೆದ್ದಾರಿ ಗುಡ್ಡ ಹತ್ತಿತು, ಅಂಗಡಿಗಳು ಹೋದವು. ಆಮೇಲೆ ಹೈಸ್ಕೂಲೂ ಹೋಯಿತು. ಹೋದದ್ದಕ್ಕೆಲ್ಲ ಯಾರನ್ನಾದರೂ ಬೈಯಬೇಕಲ್ಲ, ಡೆಲ್ಬರ್ಟ್ ಮರ್ಲ್‌ನನ್ನು ಬೈದ.

ಬೈಯಲು ಒಳ್ಳೆಯ ಜಾಗವೂ ಇತ್ತು. ಬಚ್‌ನ ಪೆಟ್ರೋಲ್ ಬಂಕಿನ ಒಳಗೆ ಒಂದು ಉದ್ದನೆಯ ಮೇಜು. ಬೆಳಗಾದರೆ ಊರಿನ ಗಂಡಸರೆಲ್ಲ ಅಲ್ಲಿ ಸೇರಿ, ಚರ್ಮದ ಡಬ್ಬಿಯಲ್ಲಿ ದಾಳ ಕುಲುಕುತ್ತಾರೆ. ಸೋತವನು ಎಲ್ಲರ ಕಾಫಿಗೆ ಕೊಡಬೇಕು. ಊರಿನ ಚರಿತ್ರೆ ಹುಟ್ಟುವುದೂ ಅಲ್ಲೇ. ಊರಿಗೆ ನೂರೈವತ್ತು ವರ್ಷ ತುಂಬಿದಾಗ ಚರ್ಚಿನ ಹೆಂಗಸರು ಅಚ್ಚುಹಾಕಿಸಿದ ಪುಸ್ತಕದಲ್ಲಿ ‘ಟೇಗ್ ಜಮೀನು ಮಾರಿದ ಮೇಲೆ ಊರು ಇಳಿಯಿತು’ ಎಂದು ಬಂತು. ಅದು ಡೆಲ್ಬರ್ಟನ ಮಾತೇ, ಸ್ವಲ್ಪ ಬೈಗುಳ ಕಡಿಮೆ ಮಾಡಿದ್ದರು, ಅಷ್ಟೆ. ಮರ್ಲ್ ಆ ಮೇಜಿನ ಕಡೆ ಬರುವುದನ್ನೇ ಬಿಟ್ಟಿದ್ದ.

ಡೆಲ್ಬರ್ಟ್ ಆ ಊರಿನ ಆಡಳಿತಕ್ಕಿದ್ದ ಏಕೈಕ ಕೆಲಸಗಾರ. ಹುಲ್ಲು ಕತ್ತರಿಸುವುದು, ಹಿಮ ನೂಕುವುದು, ಒಡೆದ ನೀರಿನ ಪೈಪಿಗೆ ಪಟ್ಟಿ ಕಟ್ಟುವುದು, ಯಾರಾದರೂ ಸತ್ತರೆ ಗುಂಡಿ ತೋಡುವುದು, ಎಲ್ಲ ಅವನೇ. ಅರವತ್ತು ದಾಟಿತ್ತು, ಮೊಣಕಾಲು ಸೋತಿತ್ತು. ಹೆಂಡತಿ ಅರ್ಡಿಸ್‌ಗೆ ಎದೆಯ ಕಾಯಿಲೆ. ಎರಡು ಸಲ ಉಸಿರು ನಿಂತಂತಾದಾಗ ಊರಿನ ಆಂಬ್ಯುಲೆನ್ಸೇ ಅವಳನ್ನು ಉಳಿಸಿತ್ತು. ಬಂಕಿನ ಬಚ್‌ನೇ ಅದನ್ನು ಓಡಿಸುತ್ತಿದ್ದ.

ಜನಗಣತಿಯ ವರ್ಷ ಬಂತು. ಈ ಸಲ ಐನೂರಕ್ಕಿಂತ ಕಡಿಮೆ ಜನ ಸಿಕ್ಕರೆ ಆಂಬ್ಯುಲೆನ್ಸನ್ನು ಕೌಂಟಿಯವರು, ಎಂದರೆ ಜಿಲ್ಲೆಯವರು, ತಮ್ಮ ಪಟ್ಟಣಕ್ಕೆ ಒಯ್ಯುತ್ತಾರೆಂದು ಗೊತ್ತಾಯಿತು. ಅಲ್ಲಿಂದ ಇಲ್ಲಿಗೆ ಬರಲು ಮುಕ್ಕಾಲು ಗಂಟೆ ಬೇಕು. ಅರ್ಡಿಸ್‌ಳ ಉಸಿರು ಅಷ್ಟು ಹೊತ್ತು ಕಾಯುವುದಿಲ್ಲ.

ಡೆಲ್ಬರ್ಟ್ ಮನೆ ಮನೆ ಹತ್ತಿ ಇಳಿದ. ಹೆಸರು ಬರೆಸಿ ಎಂದು ಗೋಗರೆದ, ಗದರಿದ. ಕೊನೆಗೆ ಉಳಿದದ್ದು ಜೋಳದ ಗೋದಾಮಿನ ಪಕ್ಕದ ಹಳೇ ಹೋಟೆಲು. ಟರ್ಕಿ ಕೋಳಿ ಮಾಂಸದ ಕಾರ್ಖಾನೆಯಲ್ಲಿ ದುಡಿಯುವ ಗ್ವಾಟೆಮಾಲಾದ ಸಂಸಾರಗಳು ಅಲ್ಲಿ ಬಾಡಿಗೆಗಿದ್ದವು. ಮಕ್ಕಳೂ ಸೇರಿ ಮೂವತ್ತರ ಹತ್ತಿರ ಜನ. ಅವರಿಲ್ಲದೆ ಲೆಕ್ಕ ತುಂಬುವಂತಿರಲಿಲ್ಲ. ಸರ್ಕಾರದವರು ಗಡೀಪಾರು ಮಾಡಿಯಾರೆಂಬ ಭಯಕ್ಕೆ, ಕೈಯಲ್ಲಿ ಕಾಗದ ಹಿಡಿದು ಬಂದವರಿಗೆ ಅವರು ಬಾಗಿಲು ತೆಗೆಯುವುದಿಲ್ಲ. ಯೂಲಾಲಿಯಾ ಎಂಬಾಕೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಕಿಟಕಿಯಿಂದಲೇ, "ಮರ್ಲ್ ಅಂಕಲ್ ಹೇಳಿದ್ರೆ ತೆಗೀತೀವಿ. ಬೇರೆಯೋರು ಹೇಳಿದ್ರೆ ಇಲ್ಲ," ಅಂದಳು.

ಹೋಟೆಲು ಮರ್ಲ್‌ನದು.

ಡೆಲ್ಬರ್ಟ್ ಹಲ್ಲು ಕಚ್ಚಿಕೊಂಡು ಅವನ ಮನೆಗೆ ಹೋದ. ಮರ್ಲ್ ಜಗಲಿಯ ಮೇಲೆ ಕೂತು ಮೀನಿನ ಚರ್ಮ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ಏನಯ್ಯಾ ಡೆಲ್, ದಾರಿ ತಪ್ಪಿತಾ? ಹೆದ್ದಾರಿ ಆ ಕಡೆ."

"ತಮಾಷೆ ಕೇಳಕ್ಕೆ ಬಂದಿಲ್ಲ ನಾನು."

"ಇಷ್ಟು ವರ್ಷ ಆದ್ಮೇಲೆ ಬಂದಿದ್ದೀಯ. ಅಳೋಣ ಅಂತೀಯಾ?"

ಡೆಲ್ಬರ್ಟ್ ನಿಂತೇ ವಿಷಯ ಹೇಳಿದ. ಮರ್ಲ್ ಚಾಕು ಒರೆಸಿ ಪಕ್ಕಕ್ಕಿಟ್ಟ.

"ಆಗಲಿ, ಹೇಳ್ತೀನಿ ಅವರಿಗೆ. ಆದ್ರೆ ನೀನೂ ಒಂದು ಹೇಳ್ಬೇಕು. ರಸ್ತೆ ವಿಷಯಕ್ಕೆ ಸರ್ಕಾರದೋರು ಊರೋರ ತಕರಾರು ಕೇಳಕ್ಕೆ ಕೋರ್ಟಿಗೆ ಬಂದ್ರಲ್ಲ, ಅವತ್ತು ಸಂಜೆ ನೀನೆಲ್ಲಿದ್ದೆ?"

ಎಲ್ಲಿದ್ದನೆಂದು ಡೆಲ್ಬರ್ಟನಿಗೆ ಗೊತ್ತಿತ್ತು. ಅವತ್ತು ಹೈಸ್ಕೂಲ್ ಹುಡುಗರ ಬಾಸ್ಕೆಟ್‌ಬಾಲ್ ಫೈನಲ್, ದೂರದ ಊರಲ್ಲಿ. ಊರಿಗೆ ಊರೇ ಗಾಡಿ ಕಟ್ಟಿತ್ತು. ‘ಕೊನೆಗೆ ಹೋಗುವವರು ದೀಪ ಆರಿಸಿ’ ಎಂದು ಬಂಕಿನ ಬಾಗಿಲಿಗೆ ಬರೆದು ಅಂಟಿಸಿದ್ದರು. ಸಾಲಿನ ಮುಂದೆ ಅಗ್ನಿಶಾಮಕ ಗಾಡಿ ಕೂಗಿಸಿಕೊಂಡು ಹೋದವನು ಡೆಲ್ಬರ್ಟನೇ.

"ಕೋರ್ಟು ತುಂಬ ಕುರ್ಚಿ ಹಾಕಿದ್ರು," ಅಂದ ಮರ್ಲ್. "ಕೂತಿದ್ದು ನಾನೊಬ್ಬ. ರಸ್ತೆ ಬೇಡ ಅಂದೆ. ‘ನಿಮ್ಮೂರಿಗೆ ತಕರಾರಿಲ್ಲ ಅಂತಾಯ್ತು, ಸಹಿ ಹಾಕದಿದ್ರೂ ಜಮೀನು ತಗೋತೀವಿ’ ಅಂದ್ರು. ಇದನ್ನ ನೀನು ಆ ಮೇಜಿನ ಮುಂದೆ ಹೇಳು."

"ನೀನೇ ಹೇಳ್ಬೋದಿತ್ತಲ್ಲ!"

"ನಾನು ಹೇಳಿದ್ರೆ ನಂಬೋರ್ಯಾರು? ಕಥೆ ಕಟ್ಟಿದೋನು ನೀನು, ಬಿಚ್ಚೋನೂ ನೀನೇ."

"ಹೇಳ್ತೀನಿ."

"ಯಾವತ್ತು?"

"ಶನಿವಾರ! ಕಿವಿ ಕೇಳಲ್ವಾ ನಿನಗೆ?" ಡೆಲ್ಬರ್ಟ್ ಕೂಗಿ ಮೆಟ್ಟಿಲಿಳಿದ.

ಶನಿವಾರ ಮರ್ಲ್ ಬಂಕಿಗೆ ಬಂದ. ಯಾರೋ ಕುರ್ಚಿ ಸರಿಸಿಕೊಟ್ಟರು. ಡೆಲ್ಬರ್ಟ್, "ಆ ಫೈನಲ್ ಆಯ್ತಲ್ಲ..." ಎಂದು ಶುರುಮಾಡಿದ. ಅಷ್ಟೇ ಸಾಕಾಯಿತು ಬಚ್‌ಗೆ.

"ಅಯ್ಯೋ, ಅದನ್ನ ಕೇಳ್ಬೇಡ! ನಮ್ಮ ಡೆನ್ನಿ ಕೊನೇ ಚೆಂಡು ಎಸೆದಾಗ ನೀನು ನನ್ನ ಟೋಪಿ ಕಚ್ಚಿ ಹರಿದೆಯಲ್ಲೋ ದರಿದ್ರದೋನೆ!"

ಡೆನ್ನಿ ಬಚ್‌ನ ತಮ್ಮ. ಮರುವರ್ಷ ಟ್ರ್ಯಾಕ್ಟರಿನ ಕೆಳಗೆ ಸತ್ತ. ಬಚ್ ಎದ್ದು ನಿಂತು ತಮ್ಮ ಹೇಗೆ ಜಿಗಿದ, ಚೆಂಡು ಹೇಗೆ ಸುತ್ತಿ ಬಿತ್ತು ಎಂದು ಕೈಯಾಡಿಸಿ ತೋರಿಸಿದ. ಮೇಜಿಗೆ ಮೇಜೇ ನಕ್ಕಿತು. ಆ ಊರು ಗೆದ್ದದ್ದು ಅದೊಂದೇ. ಅವತ್ತೇ ನಾವು ಊರು ಕಳಕೊಂಡೆವು ಎಂದು ಬಚ್‌ನ ಆ ಮುಖಕ್ಕೆ ಹೇಳುವುದು ಹೇಗೆ? ಬೈಯುವುದಾಗಿದ್ದರೆ ಡೆಲ್ಬರ್ಟನ ಬಾಯಿಗೆ ಪದಗಳು ನಾ ಮುಂದು ತಾ ಮುಂದು ಎಂದು ಬರುತ್ತಿದ್ದವು. ಈಗ ಒಂದೂ ಬರಲಿಲ್ಲ.

ದಾಳ ಕುಲುಕಿದರು. ಡೆಲ್ಬರ್ಟ್ ಸೋತ. ಅವನು ಎಲ್ಲರಿಗೂ ಕೊಡಲು ಜೇಬಿಗೆ ಕೈ ಹಾಕುವಷ್ಟರಲ್ಲಿ ಮರ್ಲ್ ತನ್ನ ಕಾಫಿಯ ಡಾಲರನ್ನು ತಾನೇ ಮೇಜಿನ ಮೇಲಿಟ್ಟು, "ನಂದು ನಾನೇ ಕೊಡ್ತೀನಿ, ಡೆಲ್," ಎಂದು ಎದ್ದುಹೋದ.

"ಹೇಳಿದ್ಯಾ?" ಎಂದು ಮನೆಗೆ ಬಂದವನನ್ನು ಅರ್ಡಿಸ್ ಕೇಳಿದಳು.

"ಮುಂದಿನ ವಾರ."

"ಊರು ಒಂದಾಗೋ ಹಾಗೆ ಕೂಗಾಡ್ತೀಯ. ನಾಲ್ಕು ಮಾತು ಮೆತ್ತಗೆ ಆಡಕ್ಕಾಗಲ್ಲ ನಿನಗೆ."

ಸೋಮವಾರ ಗಣತಿಯ ಹೆಣ್ಣುಮಗಳು ಬರುವವಳಿದ್ದಳು. ಡೆಲ್ಬರ್ಟ್ ಗೋದಾಮಿನ ಮರೆಯಲ್ಲಿ ಗಾಡಿ ನಿಲ್ಲಿಸಿ ಕೂತ. ಮರ್ಲ್ ಬರುವುದಿಲ್ಲ, ಬರದಿದ್ದರೆ ಕೇಳುವ ಬಾಯಿ ತನಗಿಲ್ಲ ಎಂದುಕೊಂಡ. ಮರ್ಲ್ ಬಂದ. ತನ್ನ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ಏನೋ ಕೂಗಿದ. ಬಾಗಿಲು ತೆರೆಯಿತು. ಯೂಲಾಲಿಯಾಳ ಕಂಕುಳ ಕೂಸೂ ಊರಿನ ಲೆಕ್ಕಕ್ಕೆ ಸೇರಿತು.

ಐನೂರ ಒಂಬತ್ತು ಎಂದು ಬಂತು. ಆಂಬ್ಯುಲೆನ್ಸ್ ಉಳಿಯಿತು. ಮುಂದಿನ ಚಳಿಗಾಲ, ಹಿಮ ಮೊಣಕಾಲುದ್ದ ಬಿದ್ದ ಬೆಳಿಗ್ಗೆ, ಅರ್ಡಿಸ್‌ಳನ್ನು ಒಯ್ದದ್ದು ಅದೇ. ಅವಳು ತಿರುಗಿ ಬಂದಳು. ಈಗಲೂ ಅಡುಗೆಮನೆಯಿಂದ ಅವನನ್ನು ಬೈಯುತ್ತಾಳೆ.

ಮುಂದಿನ ವಾರ, ಮುಂದಿನ ವಾರ ಎನ್ನುತ್ತ ವರ್ಷಗಳು ಹೋದವು. ಮರ್ಲ್ ಮತ್ತೆ ಬಂಕಿಗೆ ಬರಲಿಲ್ಲ, ಕೇಳಲೂ ಇಲ್ಲ. ಕೇಳಿದ್ದರೆ ಡೆಲ್ಬರ್ಟ್ ಜಗಳವಾಡಿಯಾದರೂ ಹೇಳಿಬಿಡುತ್ತಿದ್ದನೇನೋ. ಒಂದು ಏಪ್ರಿಲ್‌ನಲ್ಲಿ ಮರ್ಲ್ ತೀರಿಹೋದ. ಗುಂಡಿ ತೋಡಿದವನು ಡೆಲ್ಬರ್ಟ್. ತೋಡುವಾಗ ಆ ನಾಲ್ಕು ಮಾತು ಗಟ್ಟಿಯಾಗಿ ಆಡಿದ. ಕೇಳುವವರು ಯಾರೂ ಇರಲಿಲ್ಲ.

ಮೊನ್ನೆ ಯೂಲಾಲಿಯಾಳ ಗಂಡ ಕಾಫಿ ಮೇಜಿಗೆ ಬಂದು ಕೂತ. ಈ ಹೆದ್ದಾರಿ ಊರು ಬಿಟ್ಟು ಗುಡ್ಡದ ಮೇಲೆ ಯಾಕೆ ಹೋಯಿತು ಎಂದು ಕೇಳಿದ.

"ಟೇಗ್ ಅಂತ ಒಬ್ಬ ಇದ್ದ ನೋಡು..." ಎಂದು ಬಚ್ ಶುರುಮಾಡಿದ.

ಡೆಲ್ಬರ್ಟ್ ತಡೆಯಲಿಲ್ಲ. ಹುಲ್ಲು ಕತ್ತರಿಸುವುದಿದೆ ಎಂದು ಎದ್ದು ಹೊರಗೆ ಬಂದ.