ಕಡ್ಡಿಯ ಕಿಡ್ನಿ

ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಕಡ್ಡಿ ಎಂದು. ಹುಟ್ಟಿದಾಗ ಇಟ್ಟ ಹೆಸರು ಯಾವುದೋ ಇತ್ತು, ಅದನ್ನು ಹಿಡಿದು ಕರೆದವರಿಲ್ಲ. ನಲವತ್ತು ದಾಟಿದರೂ ಮೈಮೇಲೆ ಒಂದು ಹಿಡಿ ಮಾಂಸ ಕೂತಿರಲಿಲ್ಲ. ಟೈಲರ್ ಅಂಗಡಿಯ ಮೂಲೆಯಲ್ಲಿ, ಬೆನ್ನು ಒರಗಿಸಲು ಗೋಡೆಯೂ ಸಿಗದ ಸ್ಟೂಲಿನ ಮೇಲೆ ಕೂತು, ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಸೂಜಿಯೇ ಸೂಜಿ ಹಿಡಿದು ಕೂತಿದೆ ನೋಡಿ ಎಂದು ಟೈಲರ್ ಬಂದ ಗಿರಾಕಿಗಳಿಗೆಲ್ಲ ತೋರಿಸಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಗದಿದ್ದರೆ ಅವನು ಇನ್ನೊಂದು ಹೇಳುತ್ತಾನೆ ಎಂದು ಅನುಭವದಿಂದ ಕಲಿತಿದ್ದಳು.

ಅಮ್ಮನಿಗೆ ಮೂವರು ಮಕ್ಕಳು. ಹಿರಿಯವನು, ಅಂದರೆ ಕಡ್ಡಿಯ ಅಣ್ಣ, ಮನೆ ಬದಲಾಯಿಸುವವರ ಸಾಮಾನು ಸಾಗಿಸುವವನು. ಬೀರುವನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮಹಡಿ ಹತ್ತುವ ಆಳು. ಹೆಂಡತಿ ಮಕ್ಕಳ ಜೊತೆ ಅದೇ ಮನೆಯ ಮೇಲಿನ ಕೋಣೆಗಳಲ್ಲಿದ್ದ. ಕಿರಿಯವನು ತಮ್ಮ, ಅಮ್ಮನ ಕಣ್ಣಮಣಿ. ಇವರಿಬ್ಬರ ನಡುವೆ ಎಲ್ಲೋ ಕಡ್ಡಿ ಹುಟ್ಟಿದ್ದಳು. ಮದುವೆ ಆಗಲಿಲ್ಲ ಎನ್ನುವುದಕ್ಕಿಂತ ಆ ವಿಚಾರ ಯಾರ ತಲೆಗೂ ಹೊಳೆಯಲಿಲ್ಲ ಎನ್ನುವುದೇ ಸರಿ. ಮಲಗುವುದಕ್ಕೆ ಅವಳಿಗೆ ಸಿಕ್ಕಿದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿ. ಅಲ್ಲಿ ಫ್ಯಾನ್ ಇರಲಿಲ್ಲ.

ತಮ್ಮನ ಎರಡು ಕಿಡ್ನಿಯೂ ಕೈಕೊಟ್ಟವು. ಮುಖ ಊದಿಕೊಂಡಿತು, ಕಾಲು ಒತ್ತಿದರೆ ಗುಳಿ ಬೀಳತೊಡಗಿತು. ದಿನ ಬಿಟ್ಟು ದಿನ ಡಯಾಲಿಸಿಸ್ ಮಿಷನ್ನಿಗೆ ಕೈಯೊಡ್ಡಿ ಮಲಗಬೇಕಾಯಿತು. ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಇವನು ಬದುಕಿಕೊಳ್ಳುತ್ತಾನೆ ಎಂದರು ಡಾಕ್ಟರು. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವಳದ್ದು ನಡೆಯುವುದಿಲ್ಲ. ಉಳಿದವರು ಇಬ್ಬರೇ. ಇಬ್ಬರ ರಕ್ತವೂ ತಮ್ಮನಿಗೆ ಹೊಂದುತ್ತಿತ್ತು.

ರಕ್ತದಲ್ಲಿ ಕ್ರಿಯಾಟಿನಿನ್ ಎಂಬುದೊಂದು ಕಸ ಇರುತ್ತದೆ, ಅದನ್ನು ಹೊರಗೆ ಹಾಕುವುದು ಕಿಡ್ನಿಯ ಕೆಲಸ, ಅಂಕಿ ಏರಿದರೆ ಕಿಡ್ನಿ ಸೋಲುತ್ತಿದೆ ಎಂದು ಅರ್ಥ: ಡಯಾಲಿಸಿಸ್ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಕೂತು ಅಮ್ಮ ಕಲಿತದ್ದು ಇಷ್ಟು. ತಮ್ಮನ ಅಂಕಿ ಒಂಬತ್ತು. ಅಣ್ಣನದು ಒಂದೂವರೆಯ ಹತ್ತಿರ ಬಂತು. ಕಡ್ಡಿಯದು ಸೊನ್ನೆ ಪಾಯಿಂಟ್ ಆರು.

"ಆರು! ಪಾಯಿಂಟ್ ಆರು! ಚಿನ್ನದಂಥ ಕಿಡ್ನಿ ಇಟ್ಕೊಂಡಿದೀಯಲ್ಲೇ ನನ್ ತಾಯಿ," ಎಂದು ಅಮ್ಮ ಆಸ್ಪತ್ರೆಯ ಬಾಗಿಲಲ್ಲೇ ಮಗಳ ಗಲ್ಲ ಹಿಡಿದಳು. ಅಮ್ಮ ಅವಳ ಗಲ್ಲ ಮುಟ್ಟಿದ್ದು ಯಾವ ಕಾಲದಲ್ಲೋ.

ಅಣ್ಣನ ಅಂಕಿ ಹೆಚ್ಚಿದ್ದರಿಂದ ಅವನನ್ನು ಮುಂದಿನ ಪರೀಕ್ಷೆಗೆ ಕರೆದರು. ಹೋಗಿ ಬಂದವನು ಹೊಸ್ತಿಲಲ್ಲೇ ತಲೆಯಾಡಿಸಿದ. "ನಂದು ಆಗಲ್ಲ ಅಂದ್ರಮ್ಮ," ಎಂದು ದಡದಡನೆ ಮೆಟ್ಟಿಲು ಹತ್ತಿ ಹೋದ.

ಅಲ್ಲಿಂದ ಕಡ್ಡಿಯ ಒಳ್ಳೆಯ ಕಾಲ ಶುರುವಾಯಿತು. ಅಮ್ಮ ತನ್ನ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಅವಳಿಗೆ ಹಾಸಿಗೆ ಹಾಸಿದಳು. ಬೆಳಿಗ್ಗೆ ಮೊಟ್ಟೆ, ಮಲಗುವಾಗ ಹಾಲು. ಅತ್ತಿಗೆ ಮೇಲಿನಿಂದ ಇಳಿದು ಬಂದು, "ನೀವು ಬಕೆಟ್ ಎತ್ಬೇಡಿ, ಇಡಿ ಕೆಳಗೆ," ಎಂದು ಕೈಯಿಂದ ಕಿತ್ತುಕೊಂಡಳು. ಮುಖ ಕೊಟ್ಟು ಮಾತಾಡದ ತಮ್ಮ ಈಗ "ಅಕ್ಕಾ, ಅಕ್ಕಾ" ಎಂದು ಬಾಯಿ ತುಂಬ ಕರೆದ. ಅವಳು ಟಿವಿ ಮುಂದೆ ಕೂತರೆ ಯಾರೂ ಏಳು ಎನ್ನಲಿಲ್ಲ. ಕೊಬ್ಬಿಸುವ ಕುರಿಗೂ ಹೀಗೇ ಉಪಚಾರ ನಡೆಯುತ್ತದೆ ಎಂದು ನೋಡಿದ ಯಾರಾದರೂ ಹೇಳಿಯಾರು. ಅವಳಿಗೂ ಅದು ಹೊಳೆಯದೆ ಇರಲಿಲ್ಲ, ದಡ್ಡಿಯೇನಲ್ಲ ಅವಳು. ಆದರೂ ಸಂತೋಷಪಟ್ಟಳು. ಒಂದು ಕಿಡ್ನಿ ಹೋದರೆ ಹೋಗಲಿ, ಇನ್ನು ಮುಂದೆ ಈ ಮನೆಯಲ್ಲಿ ತಾನೂ ಒಬ್ಬಳು ಎಂದು ನಂಬಿದಳು. ಆ ಆಸೆಯನ್ನು ಆಡಿಕೊಳ್ಳಲು ನನಗಂತೂ ಬಾಯಿ ಬರುವುದಿಲ್ಲ.

ಅವಳಿಗೆ ಕೊನೆಯ ಪರೀಕ್ಷೆಯೊಂದು ಬಾಕಿ ಇತ್ತು. ಕೈಯ ನರಕ್ಕೆ ಮದ್ದು ಚುಚ್ಚಿ, ಕಿಡ್ನಿಗಳು ಅದನ್ನು ರಕ್ತದಿಂದ ಎಷ್ಟು ಬೇಗ ಹೊರಗೆ ಹಾಕುತ್ತವೆ ಎಂದು ಅಳೆಯುವುದು. ಅಂಗಡಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಒಬ್ಬಳೇ ಹೋದಳು. ಮರುದಿನ ಡಾಕ್ಟರಮ್ಮ ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನೀವು ಕೊಡೋ ಹಾಗಿಲ್ಲಮ್ಮ," ಎಂದರು.

"ಯಾಕೆ ಮೇಡಂ? ನಂದು ಪಾಯಿಂಟ್ ಆರಲ್ವಾ?"

"ಆ ಕಸ ಹುಟ್ಟೋದು ಮಾಂಸಖಂಡದಿಂದ. ನಿಮ್ಮ ಮೈಯಲ್ಲಿ ಮಾಂಸಾನೇ ಇಲ್ಲ, ಕಸಾನೂ ಕಡಿಮೆ. ಅದಕ್ಕೇ ಅಂಕಿ ಚೆಂದ ಕಾಣುತ್ತೆ. ನಿನ್ನೆ ನಿಜವಾದ ಕೆಲಸ ಅಳೆದ್ವಲ್ಲ, ಅದು ಐವತ್ತೆಂಟೇ ಬಂತು. ಕೊಡೋರಿಗೆ ತೊಂಬತ್ತರ ಮೇಲಿದ್ರೆ ನಮಗೆ ಧೈರ್ಯ. ನಿಮ್ಮದನ್ನ ನೀವೇ ಜೋಪಾನ ಮಾಡ್ಕೋಬೇಕು, ವರ್ಷಕ್ಕೊಂದ್ಸಲ ಬಂದು ತೋರಿಸಿ."

ತನ್ನ ಕಿಡ್ನಿಯ ಚಿಂತೆ ಕಡ್ಡಿಗೆ ಆ ಹೊತ್ತು ಬರಲೇ ಇಲ್ಲ, ಬಂದದ್ದು ಫ್ಯಾನಿನ ಕೆಳಗಿನ ಹಾಸಿಗೆಯ ಚಿಂತೆ. ಆಮೇಲೆ ಮೆಲ್ಲಗೆ ಒಂದು ಮಾತು ತಲೆಗೆ ಹತ್ತಿತು. ಮಾಂಸ ಇಲ್ಲದವಳ ಅಂಕಿ ಸುಳ್ಳು ಹೇಳಿ ಕೆಳಗಿಳಿದರೆ, ಬೀರು ಹೊರುವವನ ಅಂಕಿ ಸುಳ್ಳು ಹೇಳಿ ಮೇಲೇರಬೇಕಲ್ಲ?

"ಹಾಗಾದ್ರೆ ನಮ್ಮಣ್ಣಂದು? ಅವನದು ಬರೀ ಮೈಕಟ್ಟಿನಿಂದ ಜಾಸ್ತಿ ಬಂದಿರಬಹುದಲ್ವಾ ಮೇಡಂ? ಅವನದನ್ನೂ ಹೀಗೆ ಅಳೆದ್ರಾ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಒಬ್ಬರ ವಿಷಯ ಇನ್ನೊಬ್ಬರಿಗೆ ನಾವು ಹೇಳೋ ಹಾಗಿಲ್ಲಮ್ಮ. ಕೊಡೋಕೆ ಮನಸ್ಸಿಲ್ಲದವರನ್ನ ಬಲವಂತ ಮಾಡೋ ಹಾಗೂ ಇಲ್ಲ," ಎಂದರು.

ಅಷ್ಟು ಸಾಕಾಯಿತು, ಅಣ್ಣನದು ಚೆನ್ನಾಗೇ ಇದೆ ಎಂದು ಅವಳಿಗೆ ಅರ್ಥವಾಯಿತು. ಬಸ್ಸಿನಲ್ಲಿ ನಿಂತು ಬರುವಾಗ ಅವಳಿಗೆ ಕೋಪ ಬರಲಿಲ್ಲ, ಖುಷಿಯಾಗಿತ್ತು. ತಮ್ಮ ಉಳಿಯುವ ದಾರಿ ತನಗೆ ಸಿಕ್ಕಿದೆ, ಈ ಸುದ್ದಿ ಒಯ್ದು ಕೊಟ್ಟರೆ ಕಿಡ್ನಿ ಕೊಟ್ಟಷ್ಟೇ ಆಯಿತು, ತನ್ನ ಜಾಗ ತನಗೆ ಉಳಿಯುತ್ತದೆ ಎಂದುಕೊಂಡಳು.

ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಅಣ್ಣ ಕೆಲಸ ಮುಗಿಸಿ ಬಂದು ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ. ತಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದ, ನಡುವೆ ಬರೀ ಪರದೆ. ಕಡ್ಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು: ಮಾಂಸದ ಮಾತು, ಐವತ್ತೆಂಟರ ಮಾತು, ಅಣ್ಣನ ಕಿಡ್ನಿ ನಿಜವಾಗಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿರಬಹುದು ಎನ್ನುವ ಮಾತು.

"ಇನ್ನೊಂದ್ಸಲ ಹೋಗಿ ಬಾರೋ ಅಣ್ಣ, ನಿಂದು ಆಗುತ್ತೆ," ಎಂದಳು.

ಅಣ್ಣ ಬಗ್ಗಿಸಿದ ತಲೆ ಎತ್ತಲಿಲ್ಲ. ಅಮ್ಮ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

"ಗೊತ್ತು," ಎಂದಳು ಅಮ್ಮ.

"ಏನ್ ಗೊತ್ತು?"

"ಅವನದು ಚೆನ್ನಾಗೇ ಇದೆ. ಅವತ್ತೇ ಡಾಕ್ಟರು ಹೇಳಿದ್ರಂತೆ, ಆಮೇಲೆ ನನ್ ಹತ್ರ ಅಂದ. ನಾನೇ ಸುಮ್ನಿರು ಅಂದೆ. ಭಾರ ಎತ್ತೋ ಗಂಡಸು, ಎರಡು ಮಕ್ಕಳ ತಂದೆ, ಅವನ ಹೊಟ್ಟೆ ಕೊಯ್ಸಿ ಕೂರ್ಸೋಕಾಗುತ್ತಾ? ನಿಂಗ್ಯಾರಿದಾರೆ? ನೀನು ಇದೀಯಲ್ಲ ಅಂತ ಇದ್ದೆ."

ಹೇಳುವಾಗ ಅಮ್ಮನ ದನಿಯಲ್ಲಿ ಅಳುಕಿರಲಿಲ್ಲ. ಹೆತ್ತವಳ ಬಾಯಿಂದ ಇಂಥ ಮಾತು ಇಷ್ಟು ನುಣ್ಣಗೆ ಬರುತ್ತದೆ ಎಂದರೆ, ಅದು ಬಹಳ ದಿನ ಅವಳ ನಾಲಿಗೆಯ ಮೇಲೆ ಸವೆದಿರಬೇಕು. ಅಣ್ಣ ಮೆಟ್ಟಿಲ ಕಡೆಗೆ ಸರಿದ. ಅಷ್ಟು ದೊಡ್ಡ ಆಳು ಸದ್ದಿಲ್ಲದೆ ಮಹಡಿ ಹತ್ತಿದ್ದು ಅದೇ ಮೊದಲು.

ಅಮ್ಮ ತಟ್ಟೆ ಕೆಳಗಿಟ್ಟು ಮಗಳ ಹತ್ತಿರ ಬಂದಳು. ದನಿ ತಗ್ಗಿತು, ಮತ್ತೆ ಬೆಲ್ಲವಾಯಿತು.

"ಅಲ್ವೇ, ಐವತ್ತೆಂಟು ಅಂದ್ರಲ್ಲ. ಅದರಲ್ಲಿ ಅರ್ಧ ಇಪ್ಪತ್ತೊಂಬತ್ತಾಯ್ತು. ಇವನಿಗೆ ಅಷ್ಟಿದ್ರೂ ಮಿಷನ್ನು ತಪ್ಪುತ್ತೆ, ವಾರ್ಡಲ್ಲಿ ಎಲ್ರೂ ಹೇಳ್ತಾರೆ. ನಿಂಗೂ ಇಪ್ಪತ್ತೊಂಬತ್ತು ಉಳಿಯುತ್ತೆ. ಕೂತ್ಕೊಂಡು ಗುಂಡಿ ಹಚ್ಚೋಕೆ ಅಷ್ಟು ಸಾಲದಾ? ಬೇರೆ ಎಲ್ಲಾದ್ರೂ ಹೋಗಿ ಕೇಳೋಣ. ನೀನು ಹೂಂ ಅನ್ನು."

ಕಡ್ಡಿಗೆ ಅಳು ಬಂತು, ಆದರೆ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಇಪ್ಪತ್ತೊಂಬತ್ತರಲ್ಲಿ ನಡೆದಾಡಬಹುದೇ? ಸೂಜಿಗೆ ದಾರ ಪೋಣಿಸಬಹುದೇ? ಅಮ್ಮನ ಕೈ ಅವಳ ಭುಜದ ಮೇಲಿತ್ತು. ಆ ಕೈ ಅಲ್ಲಿಯೇ ಇರಲಿ ಎಂದು ಅವಳಿಗೆ ಹೊಟ್ಟೆಯೊಳಗಿಂದ ಅನ್ನಿಸಿತು, ನಾಚಿಕೆಯಾಗುವಷ್ಟು ಅನ್ನಿಸಿತು.

ಅಷ್ಟರಲ್ಲಿ ಪರದೆಯ ಆಚೆಯಿಂದ ತಮ್ಮ ಮಾತಾಡಿದ.

"ಬೇಡ ಬಿಡಮ್ಮ. ಅರ್ಧ ಕೆಟ್ಟಿರೋದನ್ನ ಹಾಕಿಸ್ಕೊಂಡು ನಾನೇನ್ ಮಾಡ್ಲಿ? ಅವಳದು ನಂಗೆ ಬೇಡ."

ಅಮ್ಮ ಕೈ ತೆಗೆದಳು. ಹೂಂ ಅನ್ನಲು ಕಡ್ಡಿ ಆಗಲೇ ಬಾಯಿ ತೆರೆದಿದ್ದಳು. ಅದನ್ನು ಮುಚ್ಚಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.