ಹಾಸು ಮುಗಿಯೂತನಾ ನಮ್ಮಂವ

ಎಪ್ಪತ್ತರ ಇಸ್ವಿ ದಾಟಿ ಎಂಬತ್ತು ಹತ್ರ ಬರಾಕ ಹತ್ತಿದ್ದ ದಿನಾ ಅವು. ನಮ್ಮ ಗುಳೇದಗುಡ್ಡದಾಗ ಒಂದು ಫುಟ್‌ಬಾಲ್ ಟೀಮ್ ಇತ್ತು. ಟೀಮಿನ ಜೀವಾ ಯಾರು ಅಂತ ಯಾರನ್ನ ಕೇಳಿದ್ರೂ ನಮ್ಮ ಸೆಂಟರ್ ಫಾರ್ವರ್ಡನ ಕಡೆ ಕೈ ತೋರಸ್ತಿದ್ರು. ಖರೆ ಹೇಳ್ತೇನಿ, ಜೀವಾ ನಾ. ಬಾಲಿಗೆ ಗಾಳಿ ತುಂಬಾಂವ ಯಾರು? ನಾ. ನಮ್ಮಪ್ಪನ ಸೈಕಲ್ ಅಂಗಡಿ ಪಂಪು ನನ್ನ ಕೈಯಾಗಿತ್ತು. ನಾ ಸಿಟ್ಟಾದ್ರ ಅವತ್ತು ಊರಾಗ ಆಟಾನ ಇಲ್ಲ. ಆಡೂವಾಗ ನಾ ಹಿಂದ ನಿಲ್ತಿದ್ನಿ, ಬ್ಯಾಕ್. ನನ್ನ ದಾಟಿ ಬಾಲು ಹೋಗಿದ್ದುಂಟು, ಮನಷ್ಯಾ ಹೋಗಿದ್ದುಂಟು, ಎರಡೂ ಜೋಡಿ ಹೋಗಿದ್ದು ಮಾತ್ರ ಇಲ್ಲ.

ಟೀಮಿಗೆ ಅಂಗಿ ಹೊಲಿಸಾಂವ ಒಬ್ಬ ಮಗ್ಗದ ಮಾಲಕ. ಭಾಳ ದೊಡ್ಡ ಮನಸು, ಭಾಳ ಸಣ್ಣ ಕೈ. ಹೊಸಾ ಅರಬಿ ಯಾಕ ಅಂತ, ಡಾಗ ಬಿದ್ದ ಖಣದ ತುಂಡು ಕೂಡಿಸಿ ನಮಗ ಅಂಗಿ ಹೊಲಿಸಿದ್ದ. ಖಣಾ ಅಂದ್ರ ಹೆಣ್ಣಮಕ್ಕಳ ಕುಬಸದ ಅರಬಿ, ನಿಮಗ ಗೊತ್ತೈತಿ. ಬಾಗಲಕೋಟಿಗೆ ಆಡಾಕ ಹೋದ್ರ ಗ್ರೌಂಡಿನ ಸುತ್ತ ನಿಂತ ಮಂದಿ ಚೀರ್ತಿತ್ತು: "ಕುಬಸಾ ಹಾಕ್ಕೊಂಡು ಬೀಗತ್ಯಾರು ಬಂದ್ರು ನೋಡ್ರೋ! ಆರತಿ ತರ್ರಿ!" ನಾ ಸೆರಗು ಹೊತ್ಕೊಂಡಂಗ ಮಾಡಿ ಅವರ ಮುಂದ ಹಾದು ಹೋಗ್ತಿದ್ನಿ. ನಕ್ಕು ನಕ್ಕು ಅವರ ಮಂದೀನ ನಮ್ಮ ಮಂದಿ ಆಗ್ತಿತ್ತು. ಗೆಲ್ಲಾಕ ಬರೇ ಕಾಲು ಸಾಲಂಗಿಲ್ರಿ.

ಸೆಂಟರ್ ಆ ಮಾಲಕನ ಮನ್ಯಾಗ ನೇಯ್ಗಿ ಮಾಡ್ತಿದ್ದ. ನಮ್ಮ ಗೋಲಿನಾಗ ನಿಲ್ಲಾಂವನೂ ಅಲ್ಲೇ. ಅಂವಗ ನಾವು ಗೋಲಿ ಅಂತಿದ್ವಿ. ಪಡಸಾಲ್ಯಾಗ ನೆಲದ ಕುಣ್ಯಾಗ ಕಾಲು ಬಿಟ್ಟು ತುಳಿಯೂ ಎರಡು ಕುಣಿಮಗ್ಗ, ಒಂದು ಕಿಟಕಿ ಬಾಜೂಕ, ಒಂದು ಒಳಗಿನ ಗ್ವಾಡಿಗೆ. ಕಿಟಕಿ ಮಗ್ಗ ಸೆಂಟರಂದು, ಒಳಗಿನ ಮಗ್ಗ ಗೋಲೀದು. ಊರೆಲ್ಲಾ ಹಂಗ ತಿಳಿದಿತ್ತು, ನಾನೂ ತಿಳಿದಿದ್ನಿ.

ಟೀಮಿನಾಗ ಯಾರು ಯಾವಾಗಿನ ತನಾ ಇರಬೇಕು ಅನ್ನೂದಕ್ಕ ಕಾಗದಾ ಪತ್ರಾ ಇದ್ದಿಲ್ಲ. ಮಾಲಕನ ಮಾತು ಒಂದ: "ಮಗ್ಗದ ಮ್ಯಾಲ ಹಾಸು ಇರೂತನಾ ನಮ್ಮಂವ." ಹಾಸು ಅಂದ್ರ ಮಗ್ಗಕ್ಕ ಉದ್ದಕ ಬಿಗದ ನೂಲು. ಅದು ನೇಯ್ದು ಮುಗಿಯಾಕ ತಿಂಗಳಗಟ್ಲೆ ಬೇಕು. ಮುಗಿಯಾಕ ಬಂದು ಗೇಣು ಮೊಳಾ ಉಳದಾಗ, ಹಳೇ ಹಾಸಿನ ಒಂದೊಂದು ಎಳಿಗೆ ಹೊಸಾ ಹಾಸಿನ ಒಂದೊಂದು ಎಳಿ ಕೂಡಿಸಿ, ಬೂದಿ ಹಚ್ಚಿ ಹೊಸಿತಾರ. ಅದಕ್ಕ ಕೆಚ್ಚು ಹಾಕೂದು ಅಂತಾರ. ಕೆಚ್ಚು ಬಿತ್ತೋ, ಆ ಮಗ್ಗದಾಗ ಕೂತಾಂವ ಆ ಹೊಸಾ ಹಾಸು ಮುಗಿಯೂತನಾ ಕದಲಂಗಿಲ್ಲ. ನೇಯ್ಗಿಯವರ ರಿವಾಜು ಅದು. ನಮ್ಮ ಮಾಲಕ ಅದನ್ನ ಫುಟ್‌ಬಾಲಿಗೂ ಹಚ್ಚಿದ್ದ, ಅಷ್ಟ. ಹಂಗಾಗಿ ಬ್ಯಾರೆ ಊರಿನ ಟೀಮಿನಾವರು ನಮ್ಮವರ ಆಟಾ ನೋಡಾಕ ಬರೂವಾಗ, ಮೊದಲು ಪಡಸಾಲಿಗೆ ಬಂದು ನೀರು ಕೇಳೂ ನೆವದಾಗ ಹಾಸು ಎಷ್ಟು ಉಳದೈತಿ ಅಂತ ಹಣಿಕಿ ಹಾಕಿ ಹೋಗ್ತಿದ್ರು.

ಆ ವರ್ಷ ಇಳಕಲ್ಲಿನ ಸೀರಿ ಮಾಲಕನೊಬ್ಬ ನೀರು ಕುಡ್ಯಾಕ ಸಾಕಷ್ಟು ಸಲ ಬಂದ. ಅಂವಗೂ ಒಂದು ಟೀಮ್ ಇತ್ತು. "ಹಾಸು ಮುಗಿಸಿ ಬಾರಪಾ. ಮನಿ ಕೊಡ್ತೇನಿ, ಮನ್ಯಾಗ ಮಗ್ಗ ಕೊಡ್ತೇನಿ" ಅಂತ ಸೆಂಟರಗ ಆಸೆ ಹಚ್ಚಿದ್ದ. ಅದರ ಜೋಡಿಗೆ, ಹುನಗುಂದದಾವರು ನಮ್ಮ ಗೋಲಿನ್ನ ಕೇಳಿದ್ರು. ಯಾಕ ಕೇಳಿದ್ರೋ, ಅಂವಾ ಆಡೂದನ್ನ ಅವರು ದೂರಿಂದ ನೋಡಿರಬೇಕು. "ಒಯ್ರಿ, ಇವತ್ತ ಒಯ್ರಿ, ಬಸ್‌ಸ್ಟ್ಯಾಂಡ್ ತನಾ ನಾ ಹೊತ್ಕೊಂಡು ಬರ್ತೇನಿ" ಅಂತ ಎಲ್ಲಾರ ಮುಂದನ ಅಂದಿದ್ನಿ. ಗೋಲಿ ನಕ್ಕಿದ್ದ. ನಗೂದು ಬಿಟ್ಟು ಏನು ಮಾಡ್ಯಾನು.

ಆದ್ರ ಸೆಂಟರ್ ಹೋಗೂದು ನನಗ ತಡಕೊಳ್ಳಾಕ ಆಗ್ಲಿಲ್ಲ. ಸಾಲಿಗೆ ಚಕ್ಕರ್ ಹೊಡ್ಯಾಕ ಅಂವಗ ಕಲಿಸಿದಾಂವ ನಾ. ಗುಡ್ಡದ ಬುಡಕ ಹರಕ ಚೆಂಡು ಒದ್ಯಾಕ ಕಲಿಸಿದಾಂವ ನಾ. ಈಗ ಯಾವನೋ ಸೀರಿ ಮಾರಾಂವ ಬಂದು ನಾ ಅರದ ಗಂಧಾ ಹಚಗೊಂಡು ಹೋಗ್ತಾನಂದ್ರ? ತಲಿ ಓಡಿಸಿದ್ನಿ. ನನ್ನ ತಲಿ ಓಡಾಕ ಹತ್ತಿದ್ರ ನಿಲ್ಲಸಾಕ ಬ್ರೇಕ್ ಇಲ್ಲ.

ಕೆಚ್ಚು ಹಾಕೂ ಅಜ್ಜಿ ಒಬ್ಬಾಕಿ ನಮ್ಮ ಓಣ್ಯಾಗ ಇದ್ಳು. ಮಾಲಕ ಖಣಾ ತಗೊಂಡು ಬಾಗಲಕೋಟಿಗೆ ಹೋಗಿದ್ದ ದಿನಾ ನೋಡಿ ಆಕಿ ಮುಂದ ಹೋಗಿ ಕುಂತ್ನಿ. ಸೆಂಟರ್ ಇಳಕಲ್ಲಿಗೆ ಮನಿ ನೋಡಾಕ ಹೋಗಿದ್ದ. ಗೋಲಿ ಶಿರೂರಿಗೆ ಅಕ್ಕನ ಮನಿಗೆ ಹೋಗಿದ್ದ.

"ಅಮ್ಮಾ, ಕಿಟಕಿ ಮಗ್ಗಕ್ಕ ಇವತ್ತ ಕೆಚ್ಚು ಬೀಳಬೇಕು."

"ಮಾಲಕ ಹೇಳ್ಯಾನೇನು?"

"ನಾ ಹೇಳಾಕ ಹತ್ತೇನಲ್ಲ."

"ಅದಕ್ಕ ಕೇಳಿದ್ನಿ, ಮಾಲಕ ಹೇಳ್ಯಾನೇನು ಅಂತ."

"ಹೇಳ್ಯಾನಬೇ. ಇಳಕಲ್ಲಾವರು ನಮ್ಮ ಹುಡುಗನ್ನ ಎತಗೊಂಡು ಹೊಂಟಾರ. ನಿನ್ನ ಕೈಯಾಗ ಐತಿ ಊರ ಮರ್ಯಾದಿ."

"ಇಡೀ ದಿನಾ ಮಗ್ಗ ತುಳದು ಸಾಲದಂತ, ಸಂಜಿಕೆ ಮತ್ತ ಚೆಂಡು ತುಳ್ಯಾಕ ಹೋಗ್ತೀರಿ. ನಿಮ್ಮ ಕಾಲಿಗೆ ಏನು ಕಜ್ಜಿ ಹತ್ತೈತೇನ್ಲೇ?" ಅಂದ್ಳು. ಆದ್ರ ಎದ್ಳು. ಬೂದಿ ಬಟ್ಟಲಾ ತಗೊಂಡು ಬಂದ್ಳು. ಮಾಲಕನ ಹೆಂಡ್ತಿ ಒಳಗ ರೊಟ್ಟಿ ಬಡ್ಯಾಕ ಹತ್ತಿದ್ದಾಕಿ, ಹೊಸಾ ಹಾಸು ಬೇಕಂತ ಕೂಗಿದ್ರ, "ಜಂತಿಗೆ ತೂಗ ಹಾಕೇತಿ, ತಗೋರಿ" ಅಂತ ಅಲ್ಲಿಂದನ ಅಂದ್ಳು. ಅಜ್ಜಿ ಹೊಸಿಯಾಕ ಕುಂತ್ಳು. ನಾ ಬಾಗಿಲದಾಗ ಕಾವಲಾ ನಿಂತ್ನಿ, ಜಗತ್ತು ಗೆದ್ದಾಂವನಂಗ.

ಮರದಿನಾ ಮುಂಜಾನೆ ತಮಾಷೆ ನೋಡಾಕ ಹೋದ್ನಿ. ಕಿಟಕಿ ಮಗ್ಗದ ಕುಣ್ಯಾಗ ಕಾಲು ಬಿಟ್ಕೊಂಡು ಕೂತಾಂವ ಗೋಲಿ! ಕೆಚ್ಚಿನ ಎಳಿ ಮ್ಯಾಲ ಹಗೂರಕ ಕೈ ಆಡಸಾಕ ಹತ್ತಿದ್ದ. ಸೆಂಟರ್ ಒಳಗಿನ ಮಗ್ಗದಾಗ ಕೂತು ನನ್ನ ಮಾರಿ ನೋಡಿ ತುಟಿ ಕಚ್ಚಿ ಹಿಡದಿದ್ದ. ಮಾಲಕ ನಡುವ ನಿಂತಿದ್ದ.

"ಅಜ್ಜಿ ಹೇಳಿದ್ಳು, ನೀನ ಹಾಕಿಸಿದೆಂತ?" ಅಂದ ಮಾಲಕ.

ನಾ ಬಾಯಿ ತಗಿಯೂದರಾಗ ಗೋಲಿ ಎದ್ದು ಬಂದ. "ನನ್ನ ಸಲುವಾಗಿ ಹಾಕಿಸಿದ್ಯೇನಲೇ?" ಅಂದ. "ಹುನಗುಂದಕ್ಕ ಹೋಗಬ್ಯಾಡ ಅಂತ? ನಾ ಗಂಟು ಕಟ್ಟಿ ಇಟ್ಟಿದ್ನಿ. ಯಾರರೆ ಒಬ್ಬರು ಇರು ಅಂದ್ರ ಸಾಕಿತ್ತು ನೋಡು, ಯಾರೂ ಅಂದಿದ್ದಿಲ್ಲ."

ಅಂವನ ಕಣ್ಣಾಗ ನೀರು ನಿಂತಿದ್ವು. "ಮತ್ತ ಯಾರ ಸಲುವಾಗಿ ಅಂತ ತಿಳಿದಿ?" ಅಂದ್ನಿ.

ಸೆಂಟರಗ ಒಮ್ಮೆಲೆ ಕೆಮ್ಮು ಬಂತು. ಕೆಮ್ಮಿಕೋತ, ನನ್ನ ತೋಳು ಹಿಡದು ಹೊರಗ ಎಳಕೊಂಡು ಬಂದ. ಕಟ್ಟಿ ಮ್ಯಾಲ ಕುಂತು ಹೊಟ್ಟಿ ಹಿಡಕೊಂಡು ನಕ್ಕ.

"ನನ್ನ ಕಟ್ಟಾಕ ಹೋಗಿ ಅಂವನ್ನ ಕಟ್ಟಿದಿ! ಊರಾಗಿನ ಶ್ಯಾಣ್ಯಾ!"

"ಅಂವಾ ನಿನ್ನ ಮಗ್ಗದಾಗ ಯಾಕ ಕೂತಾನ್ಲೇ?"

ಆಗ ಹೇಳಿದ. ಹುನಗುಂದದ ಮ್ಯಾಚಿನಾಗ ಸೆಂಟರನ ಬಲಗಾಲಿನ ಹಿಮ್ಮಡದ ಮ್ಯಾಲ ಪೆಟ್ಟು ಬಿದ್ದಿತ್ತು. ಕಿಟಕಿ ಮಗ್ಗದ ತುಳಿಗಿ ಬಿರುಸು, ಒಳಗಿಂದು ಹಗೂರ. ಅಂವಾ ತುಳ್ಯೂವಾಗ ಹಲ್ಲು ಕಡಿಯೂದು ಗೋಲಿಗೆ ಕಂಡೈತಿ. ಒಂದು ಮಾತು ಆಡದ ಎದ್ದು ಮಗ್ಗ ಅದಲಿ ಬದಲಿ ಮಾಡಿಕೊಂಡಾನ. ಈಗ ಸೆಂಟರನ ಹೆಸರಿನ್ಯಾಗ ಇದ್ದ ಹಾಸು ಒಳಗಿನ ಮಗ್ಗದ್ದು, ಅದರಾಗ ಇನ್ನೊಂದೀಟು ಖಣಾ ನೇಯೂದು ಉಳದಿತ್ತು.

"ಕಾಲಿನ ಸುದ್ದಿ ನನಗರೆ ಹೇಳಬಾರದಾ?"

"ನಿನಗ ಹೇಳೂದೂ ಒಂದ, ಡಂಗುರಾ ಹೊಡಸೂದೂ ಒಂದ. ಇಳಕಲ್ಲ ಮಾಲಕಗ ಗೊತ್ತಾದ್ರ ಮನಿ ಹೋತು. ಮನಿ ಹೋದ್ರ ಹುಡುಗಿ ಹೋದ್ಳು."

"ಯಾವ ಹುಡುಗಿ?"

ಅಂವಾ ಮಾರಿ ಕೆಳಗ ಹಾಕಿದ. ಇಳಕಲ್ಲಿನಾಕಿ. ಸೊಂತ ಮನಿ ಇಲ್ಲದಾಂವಗ ಮಗಳನ್ನ ಕೊಡಂಗಿಲ್ಲ ಅಂತ ಆಕಿ ಅಪ್ಪ ಖಡಾಖಂಡಿ ಹೇಳ್ಯಾನ. ಇದನ್ನೂ ನನಗ ಹೇಳಿದ್ದಿಲ್ಲ, ಕಳ್ಳ! ನಾ ಒಂದು ಗಳಿಗಿ ಸುಮ್ಮಕುಂತ್ನಿ. ನನ್ನ ಜೀವನದಾಗ ಅದ ಮೊದಲು, ಅದ ಕಡೀಕ. ಆಮ್ಯಾಲ, "ಹೋಗ್ಲೇ ಮಗನ, ಹೋಗು. ಆಕಿ ನಿನ್ನ ಆಟಾ ನೋಡಿಲ್ಲ ಅಂತ ಕಾಣಸ್ತೈತಿ" ಅಂದ್ನಿ.

ಆದ್ರ ಹೋಗೂಕಿಂತ ಮೊದಲ ಬದಾಮ್ಯಾಗ ಮ್ಯಾಚ್ ಬಂತು. ಯಾರ ಜೋಡಿ? ಇಳಕಲ್ಲಾವರ ಜೋಡಿ. ಇಳಕಲ್ಲ ಮಾಲಕ ಜೀಪ್ ತಗೊಂಡು ಬಂದ. ಈ ಸಲ ನೀರು ಕೇಳ್ಲಿಲ್ಲ. ಸೀದಾ ಪಡಸಾಲಿಗೆ ಬಂದು ತಮ್ಮ ಟೀಮಿನ ಅಂಗಿ ಸೆಂಟರನ ತೊಡಿ ಮ್ಯಾಲ ಇಟ್ಟ. ಖರೆ ಫುಟ್‌ಬಾಲ್ ಅಂಗಿ, ಕಾಲರ್ ಇತ್ತು.

"ಬದಾಮ್ಯಾಗ ಇದನ್ನ ಹಾಕ್ಕೊಂಡು ಆಡು."

"ಹಾಸು ಇನ್ನಾ ಐತ್ರಿ."

"ಇದ್ದದ್ದು ಎಷ್ಟು, ಎರಡು ಮೂರು ಖಣಾ. ಯಾರರೆ ನೇಯ್ತಾರ ಬಿಡು."

"ಹಂಗ ಬರಂಗಿಲ್ರಿ."

"ನೋಡಪಾ, ಆ ಮನಿ ಬ್ಯಾರೇದಾವರೂ ಕೇಳಾಕ ಹತ್ಯಾರ."

ಸೆಂಟರ್ ಅಂಗಿ ಘಳಿಗಿ ಮಾಡಿ ವಾಪಸ ಕೊಟ್ಟ. ಲಾಳಿ ಹೊಡಿಯಾಕ ಹತ್ತಿದ. ಜೀಪ್ ಹೋದ ಮ್ಯಾಲ ನಾ ಅಂದ್ನಿ, "ಹುಚ್ಚ, ಆ ಕಾಲರ್ ಅಂಗಿಯರೆ ಇಟಗೋಬೇಕಿಲ್ಲ!"

ಬದಾಮಿ ಮ್ಯಾಚ್ ಹೇಳ್ತೇನಿ ಕೇಳ್ರಿ. ಕೆಂಪು ಕಲ್ಲಿನ ಗುಡ್ಡದ ಕೆಳಗ ಗ್ರೌಂಡು, ಗುಡ್ಡದ ತುಂಬ ಮಂಗ್ಯಾ. ನಾ ಆಡಿದ್ದು ನೋಡಿ ಮಂಗ್ಯಾ ಸೈತ ಕೆಳಗ ಇಳದು ಬಂದಿದ್ವು. ನಮ್ಮ ಮಂದಿ ಒಳಗೊಳಗ ಗುಸುಗುಸು ಹಚ್ಚಿದ್ರು: "ಸೆಂಟರ್ ಇವತ್ತ ಕೈ ಕೊಡ್ತಾನ. ತನಗ ಮನಿ ಕೊಡಾಂವನ ಮ್ಯಾಲ ಗೋಲ್ ಹೊಡಿತಾನೇನು?" ನಾ ಯಾರಿಗೂ ಏನೂ ಹೇಳ್ಲಿಲ್ಲ. ಅಂವನ ಕಾಲಿಗೆ ಅರಬಿ ಬಿಗದು ಕಟ್ಟಿದ್ನಿ, ಅದರ ಮ್ಯಾಲ ಸಾಕ್ಸ್ ಏರಿಸಿದ್ನಿ.

ಆಟಾ ಸುರು ಆಗಿ ತಾಸು ಆಗಿದ್ದಿಲ್ಲ, ಸೆಂಟರ್ ಇಬ್ಬರನ್ನ ದಾಟಿ, ಆ ನೋಯೂ ಕಾಲಿಲೇನ ಹೊಡದ. ಬಾಲು ಗೋಲ್ ಜಾಳಗ್ಯಾಗ. ಇಳಕಲ್ಲ ಮಾಲಕ ಗ್ರೌಂಡಿನ ಅಂಚಿಗೆ ಛತ್ರಿ ಹಿಡಕೊಂಡು ನಿಂತಾಂವ, ಛತ್ರಿ ಮಡಚಿದ. ಸೆಂಟರ್ ಖುಷೀಲೆ ಕುಣೀಲಿಲ್ಲ. ಅಲ್ಲೇ ಕೂತುಬಿಟ್ಟ. ಎಬ್ಬಿಸಾಕ ಹೋದ್ರ ಕುಂಟಾಕ ಹತ್ತಿದ. ಎಲ್ಲಾರಿಗೂ ಕಂಡಿತು. ಇಳಕಲ್ಲ ಮಾಲಕಗೂ ಕಂಡಿತು.

ಇನ್ನ ಆ ಒಂದು ಗೋಲ್ ಕಾಯಬೇಕಾದಾಂವ ಯಾರು? ಗೋಲಿ. ನಾ ಕೆಚ್ಚು ಹಾಕಿಸಿ ಉಳಿಸಿಕೊಂಡಾಂವ! ಗೋಲ್ ಕಂಬದ ಬುಡಕ ಅಂವಾ ಬುತ್ತಿ ಇಟ್ಟಿದ್ದ. ಒಂದು ಗಡವ ಮಂಗ್ಯಾ ಬಂದು ಬುತ್ತಿಗೆ ಕೈ ಹಾಕಿತು. ಗೋಲಿ ಹೌಹಾರಿ ಅದರ ಬೆನ್ನ ಹತ್ತಿದ. ಇತ್ಲಾಗ ಬಾಲು ಹಗೂರಕ, ಯಾರಿಗೂ ತ್ರಾಸ ಕೊಡದ, ಒಳಗ ಹೋತು. ಮಂಗ್ಯಾ ರೊಟ್ಟಿ ಒಯ್ತು, ಇಳಕಲ್ಲಾವರು ಗೋಲ್ ಒಯ್ದ್ರು. ಎರಡನೇ ಗೋಲಿಗೆ ಮಂಗ್ಯಾನೂ ಇದ್ದಿಲ್ಲ, ಅದು ಅಂವಂದ ಸೊಂತ ಕೆಲಸ. ಸೋತ್ವಿ.

ಮ್ಯಾಚ್ ಮುಗದ ಮ್ಯಾಲ ಇಳಕಲ್ಲ ಮಾಲಕ ನಾವು ಕೂತಲ್ಲಿಗೆ ಬಂದ. ನಾವೆಲ್ಲಾ ಎದ್ದು ನಿಂತ್ವಿ. ಸೆಂಟರಗ ಏಳಾಕ ಆಗ್ಲಿಲ್ಲ.

"ಕಾಲು ಎಂದಿನಿಂದ ಹಿಂಗೈತಿ?"

"ಹುನಗುಂದದಾಗ ಆಡಿದಾಗಿಂದ್ರಿ."

"ನನಗ ಯಾಕ ಹೇಳ್ಲಿಲ್ಲ?"

"ಮನಿ ಕೊಡಂಗಿಲ್ಲ ಅಂತ ಅಂಜಿದ್ನಿರಿ."

ಇಳಕಲ್ಲ ಮಾಲಕ ಅಂವನ ಕಾಲು ನೋಡಿದ, ಜಾಳಗಿ ನೋಡಿದ, ನಮ್ಮ ಖಣದ ಅಂಗಿ ನೋಡಿದ. ನನಗ ತಡೀಲಿಲ್ಲ. "ಸಾವುಕಾರ್ರ, ಕುಂಟಗಾಲಿಲೆ ನಿಮಗ ಒಂದು ಹಾಕ್ಯಾನ. ಆರಾಮ ಆದ ಮ್ಯಾಲ ನಮ್ಮ ಗತಿ ಏನಾಗ್ತೈತಿ ಅಂತ ನಾವು ಅಳಬೇಕು, ನಿಮಗೇನ್ರಿ ಚಿಂತಿ?" ಅಂದ್ನಿ.

ಅಂವಾ ನಗಬಾರದು ಅಂತ ಮಾಡಿದ, ಆಗ್ಲಿಲ್ಲ. "ಹಾಸು ಮುಗಿಸಿ ಬಾ. ಮನಿ ಕೀಲಿ ನನ್ನ ಹತ್ರ ಐತಿ. ಅವಸರ ಮಾಡಬ್ಯಾಡ, ಕಾಲು ನೋಡಿಕೋ" ಅಂದು ಹೋದ. ಹತ್ತು ಹೆಜ್ಜಿ ಹೋಗಿ ಹೊಳ್ಳಿ ನೋಡಿ, "ಈ ಬಾಯಿ ಮಾತ್ರ ನಿಮ್ಮೂರಾಗ ಇಟಗೋರಿ" ಅಂತ ನನ್ನ ಕಡೆ ಬಟ್ಟ ಮಾಡಿದ. ಅಂತೂ ನನ್ನನ್ನೂ ಒಬ್ಬ ನೋಡಿಟ್ಟಿದ್ದ!

ಸೆಂಟರ್ ಉಳದ ಖಣಾ ನೇಯ್ದ. ಕಡೀ ಖಣಾ ಮಗ್ಗದಿಂದ ಕೊಯ್ದಾಗ ನಮ್ಮ ಮಾಲಕ ಅದನ್ನ ಘಳಿಗಿ ಮಾಡಿ ಅಂವನ ಕೈಯಾಗ ಇಟ್ಟ. ಇಳಕಲ್ಲಿನಾಗ ಲಗ್ನದ ದಿನಾ ಆ ಹುಡುಗಿ ಉಟ್ಟಿದ್ದು ತಮ್ಮೂರಿನ ಸೀರಿ, ತೊಟ್ಟಿದ್ದು ಆ ಖಣದ ಕುಬಸಾ. "ನೋಡವಾ ತಂಗಿ, ಇದ ಅರಬಿ ಅಂಗೀ ಹಾಕ್ಕೊಂಡು ನಿನ್ನ ಗಂಡ ಊರೂರು ತಿರಗ್ಯಾನ" ಅಂತ ನಾ ಹೇಳಿದ್ರ ಆಕಿ ನಂಬಲಿಲ್ಲ.

ಊಟದ ಪಂಕ್ತ್ಯಾಗ ಗೋಲಿ ನನ್ನ ಬಾಜೂಕ ಕುಂತಿದ್ದ. ಹೆಣ್ಣಿನ ಕಡಿಯಾವರಿಗೆ ಜೋರ ಹೇಳಾಕ ಹತ್ತಿದ: "ಹುನಗುಂದದಾವರು ನನ್ನ ಒಯ್ಯಾಕ ಬಂದಿದ್ರು ಗೊತ್ತೇನ್ರಿ? ಇಂವಾ ಬಿಡಲಿಲ್ಲ. ಕೆಚ್ಚು ಹಾಕಿಸಿ ಕೂಡಿಸಿದ!" ಎದರಿಗೆ ಮದುಮಗಗ ಮತ್ತ ಆ ಕೆಮ್ಮು ಬಂತು. ನಾ ಹೋಳಿಗಿ ಬಾಯಾಗ ತುರಕೊಂಡು ತಲಿ ಅಲ್ಲಾಡಿಸಿದ್ನಿ.

ಅಲ್ಲಿಂದ ಮುಂದ ಗೋಲಿಯ ಹಾಸು ಮುಗಿಯಾಕ ಬಂದಾಗೆಲ್ಲಾ ಅಂವಾ ನಮ್ಮ ಸೈಕಲ್ ಅಂಗಡಿಗೆ ಬರ್ತಿದ್ದ. ಪಂಪಿನ ಮ್ಯಾಲ ಕೈ ಊರಿ ನಿಂತು, ಅತ್ಲಾಗ ಇತ್ಲಾಗ ನೋಡಿ, "ಮತ್ತ? ಈ ಸಲ ಹಾಕ್ಸಂಗಿಲ್ಲೇನು?" ಅಂತಿದ್ದ. ನಾ ಬೈಕೋತ ಎದ್ದು ಅಜ್ಜಿ ಮನಿಗೆ ಹೋಗ್ತಿದ್ನಿ. ಅಜ್ಜಿ ಬೂದಿ ಬಟ್ಟಲಾ ತಗೊಂಡು, "ಯಾವ ಮಗ್ಗಲೇ, ನೆಟ್ಟಗ ಹೇಳು" ಅಂತಿದ್ಳು.

"ಕಿಟಕೀದಬೇ. ಈ ಸಲ ಯಾರು ಕೂತಾರ ನೋಡೇ ಬಂದೇನಿ."